ಹಟ್ಟಿಯ ಮೊಪೆಡ್ ಮಗುವಿನ ಕೈಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರವಾದಂತೆ ಮಂಗಳೂರು, ಉಡುಪಿ ಕಡೆಯ ಓದುಗರ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ಹಟ್ಟಿಯ ಮೂಲೆ ಸೇರಿದ ಟಿವಿಎಸ್ 50, ಎಕ್ಸೆಲ್ ಸೂಪರ್, ಲೂನಾ, ಸನ್ನಿಯನ್ನು ಎಬ್ಬಿಸಿ ಮನೆಯ ಮಗುವಿಗೆ ನಮ್ಮದೇ ಜಾಗದೊಳಗೆ ಓಡಿಸಲು ಕೊಡುವುದು ಹೇಗೆ? ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇವೆ.

ಪ್ರಶ್ನೆ: ಎಂಟು ವರ್ಷದಿಂದ ನಿಂತಿರುವ ಟಿವಿಎಸ್ 50 ಇದೆ. ಮಗನಿಗೆ ಹತ್ತು ವರ್ಷ, ಸೈಕಲ್ ಚೆನ್ನಾಗಿ ಬಿಡುತ್ತಾನೆ. ಮೊದಲು ಪೆಡಲ್ ತುಳಿದು ಸ್ಟಾರ್ಟ್ ಆಗುತ್ತದೋ ನೋಡೋಣವೇ? ಕೆಲಸ ಎಲ್ಲಿಂದ ಶುರು ಮಾಡುವುದು? – ಬ್ರಹ್ಮಾವರದ ಓದುಗರು

ಉತ್ತರ: ಪೆಡಲ್ ತುಳಿಯಬೇಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ಎಂಟು ಮಳೆಗಾಲ ಕಳೆದ ಇಂಜಿನ್ನಿನೊಳಗೆ ಪಿಸ್ಟನ್ ರಿಂಗು (ಪಿಸ್ಟನ್ನಿನ ಸುತ್ತ ಕೂತ ಲೋಹದ ಬಳೆ) ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರುವ ಸಾಧ್ಯತೆ ಹೆಚ್ಚು. ಬಲ ಹಾಕಿದರೆ ರಿಂಗು ಮುರಿಯುತ್ತದೆ, ತುಂಡು ಪೋರ್ಟಿಗೆ, ಅಂದರೆ ಸಿಲಿಂಡರ್ ಗೋಡೆಯ ತೂತಿಗೆ, ಸಿಕ್ಕಿ ಬೋರ್ (ಸಿಲಿಂಡರಿನ ಒಳಗೋಡೆ) ಗೀಚುತ್ತದೆ. ಹತ್ತು ನಿಮಿಷದ ಆತುರಕ್ಕೆ ರೀಬೋರ್ (ಸಿಲಿಂಡರನ್ನು ಮತ್ತೆ ಕೊರೆಸುವ) ಖರ್ಚು ಮೈಮೇಲೆ ಬರುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ 5 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಒಳಗೆ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಮರುದಿನ ಮ್ಯಾಗ್ನೆಟೋ (ಕಿಡಿಗೆ ಕರೆಂಟ್ ಹುಟ್ಟಿಸುವ ಭಾಗ) ಕವರ್ ತೆಗೆದು ಅದರ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ಆಚೀಚೆ ಅಲ್ಲಾಡಿಸಿ. ಜಗ್ಗದಿದ್ದರೆ ಡೀಸೆಲ್ ಮತ್ತು ಆಯಿಲ್ ಸಮಪಾಲು ಬೆರೆಸಿ ಬಿಟ್ಟು ಮತ್ತೆ ಎರಡು ಮೂರು ದಿನ ಕಾಯಿರಿ. ಆಗಲೂ ಬಿಡದಿದ್ದರೆ ಹೆಡ್ ಮತ್ತು ಸಿಲಿಂಡರ್ ಬಿಚ್ಚುವುದೇ ಸರಿ. ಸ್ಪಾನರ್ ಹಾಕಿ ಫ್ಲೈವೀಲ್ ನಟ್ಟನ್ನು ತಿರುಚಬೇಡಿ. ಈ ನಡುವೆ ಸೈಲೆನ್ಸರಿನ ಬಾಯಿ ಮತ್ತು ಏರ್ ಫಿಲ್ಟರ್ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಕಣಜದ ಮಣ್ಣಿನ ಗೂಡು, ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಇರುವುದು ಮಾಮೂಲಿ.

ಇಂಜಿನ್ ಆಯಿಲಿನಲ್ಲಿ ನೆನೆಯುತ್ತಿರುವಾಗ ಬ್ರೇಕಿನ ಕೆಲಸ ಮುಗಿಸಿ. ದೊಡ್ಡವರ ಗಾಡಿಗೆ ಈ ಕ್ರಮ ತಿರುವುಮುರುವಾದರೂ ನಡೆದೀತು, ಮಗುವಿನ ಗಾಡಿಗೆ ನಡೆಯದು. ಇಂಜಿನ್ ಒಮ್ಮೆ ಶಬ್ದ ಮಾಡಿತೆಂದರೆ ಮನೆಯ ಮಕ್ಕಳನ್ನು ತಡೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಗಾಡಿ ನಿಲ್ಲುವುದಕ್ಕೆ ಬೇಕಾದ ಮೂರು ಕೆಲಸ, ಅಂದರೆ ಬ್ರೇಕು, ಎಕ್ಸಲರೇಟರ್ ಹಿಂದಕ್ಕೆ ಬರುವುದು, ಇಂಜಿನ್ ಆಫ್ ಆಗುವ ಸ್ವಿಚ್ಚು, ಇವು ಮುಗಿಯುವ ತನಕ ಟ್ಯಾಂಕಿಗೆ ಪೆಟ್ರೋಲ್ ಹಾಕಲೇಬೇಡಿ.

ಎರಡೂ ಚಕ್ರ ಬಿಚ್ಚಿ. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ, ಹಳೆಯ ಲೈನರುಗಳಲ್ಲಿ (ಬ್ರೇಕ್ ಶೂವಿಗೆ ಅಂಟಿಸಿದ ಸವೆಯುವ ಪಟ್ಟಿ) ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಎಸೆದುಬಿಡಿ. ಲೈನರ್ 2 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ, ಆಯಿಲ್ ಕುಡಿದಿದ್ದರೆ, ಅಥವಾ ಶೂವಿನಿಂದ ಎದ್ದು ಬರುತ್ತಿದ್ದರೆ ಹೊಸ ಶೂ ಹಾಕಿ. ಉಪ್ಪು ಗಾಳಿಗೆ ಲೈನರಿನ ಅಂಟಿನ ಕೆಳಗೇ ತುಕ್ಕು ಹಿಡಿದು, ನೋಡಲು ದಪ್ಪಗಿದ್ದರೂ ಉಗುರಿಗೆ ಕಿತ್ತು ಬರುವುದುಂಟು. ಡ್ರಮ್ಮಿನ ತುಕ್ಕನ್ನು 80 ನಂಬರ್ ಎಮರಿ, ಆಮೇಲೆ 120 ನಂಬರ್ ಹಾಕಿ ತೆಗೆಯಿರಿ. ಬ್ರೇಕ್ ಕ್ಯಾಮ್ ಹೊರತೆಗೆದು ಒರೆಸಿ, ಕಡ್ಡಿ ತುದಿಯಷ್ಟು ಗ್ರೀಸ್ ಸಾಕು. ಕ್ಯಾಮ್ ಬಿಗಿಯಾಗಿದ್ದರೆ ಬ್ರೇಕ್ ಹಿಡಿಯುತ್ತದೆ, ಆದರೆ ಬಿಡುವುದಿಲ್ಲ.

ಕೇಬಲ್ಲುಗಳಲ್ಲಿ ಉಳಿತಾಯ ಬೇಡ. ಮುಂದಿನ ಬ್ರೇಕು, ಹಿಂದಿನ ಬ್ರೇಕು, ಎಕ್ಸಲರೇಟರ್, ಮೂರೂ ಹೊಸದಿರಲಿ. ಹಾಕುವ ಮೊದಲು ಕೇಬಲ್ಲಿನ ಬಾಯಿಗೆ ಕಾಗದದ ಕೊಟ್ಟೆ ಕಟ್ಟಿ, ತೂಗುಹಾಕಿ, ಆಯಿಲ್ ಕೆಳಗಿನ ತುದಿಯಿಂದ ತೊಟ್ಟಿಕ್ಕುವ ತನಕ ಬಿಡಿ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದ್ದು. ಅಂಥ ಟಯರಿನ ಮೈಯ ಗೀರುಗಳು ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪುಡಿಯ ಮೇಲೆ ಜಾರುತ್ತದೆ, ಬದಲಿಸಿ. ಮಗುವಿನ ತೂಕ ಕಡಿಮೆ ಎಂದು ಗಾಳಿಯನ್ನು ತೀರಾ ಇಳಿಸಬೇಡಿ. 18 ಪಿಎಸ್‌ಐಗಿಂತ ಕೆಳಗೆ ಹೋದರೆ ಬ್ರೇಕ್ ಹಾಕಿದಾಗ ಟಯರ್ ರಿಮ್ಮಿನ ಮೇಲೆ ತಿರುಗಿ ಟ್ಯೂಬಿನ ವಾಲ್ವ್ ಹರಿಯುತ್ತದೆ.

ಇಷ್ಟಾದ ಮೇಲೆ ಕಿಡಿ ನೋಡುವುದು. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಇಂಜಿನ್ ತಿರುಗಿಸಿದಾಗ ನೀಲಿ ಕಿಡಿ ಬರಬೇಕು. ತೂತಿನ ಹತ್ತಿರ ಪೆಟ್ರೋಲ್ ಆವಿ ಇರಬಾರದು. ಕೆಂಪಗೆ ಬಂದರೆ ಅಥವಾ ಬಾರದಿದ್ದರೆ ಪಾಯಿಂಟಿನ (ಕಿಡಿಯ ಕರೆಂಟನ್ನು ಕಡಿದು ಕೂಡಿಸುವ ಸಂಪರ್ಕದ) ಮುಖವನ್ನು 400 ನಂಬರ್ ಎಮರಿಯಲ್ಲಿ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ವಿಸಿಟಿಂಗ್ ಕಾರ್ಡನ್ನು ನಡುವೆ ಎಳೆದು ಒರೆಸಿ. ಪೂರ್ತಿ ತೆರೆದಾಗ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಇರಲಿ. ಪಾಯಿಂಟ್ ಸುಟ್ಟು ಕಪ್ಪಾಗುತ್ತಲೇ ಇದ್ದರೆ ಪಾಯಿಂಟನ್ನು ಸುಡದಂತೆ ಕಾಯುವ ಕಂಡೆನ್ಸರ್ ಹೋಗಿದೆ ಎಂದರ್ಥ. ಇಲೆಕ್ಟ್ರಾನಿಕ್ ಇಗ್ನಿಷನ್ನಿನ ಗಾಡಿಗಳಲ್ಲಿ ಪಾಯಿಂಟಿನ ಗೊಡವೆಯಿಲ್ಲ.

ಕಂಪ್ರೆಷನ್ ಗೇಜ್ ಸಿಕ್ಕರೆ ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನೋಡಿ. 100 ಪಿಎಸ್‌ಐ ದಾಟಿದರೆ ಚಿಂತೆಯಿಲ್ಲ, 80ಕ್ಕಿಂತ ಕಡಿಮೆಯಾದರೆ ರಿಂಗು ಅಥವಾ ಬೋರ್ ಸವೆದಿದೆ. ಹೊಸ ರಿಂಗನ್ನು ಖಾಲಿ ಬೋರಿನೊಳಗೆ ಸಮನಾಗಿ ಕೂರಿಸಿ ತುದಿಗಳ ನಡುವಿನ ಸಂದು ಅಳೆಯಿರಿ, 0.15ರಿಂದ 0.35 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಪಿಸ್ಟನ್ನಿನ ಗೀರಿನಲ್ಲಿ ಸಣ್ಣ ಪಿನ್ ಇದೆ, ರಿಂಗಿನ ಬಾಯಿ ಅಲ್ಲೇ ಬರಬೇಕು. ತಪ್ಪಿದರೆ ಸಿಲಿಂಡರ್ ಇಳಿಸುವಾಗಲೇ ರಿಂಗು ಮುರಿಯುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಬಿಚ್ಚುವ ಮೊದಲು ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ, ಇಲ್ಲವಾದರೆ ಅದು ಒಳಗೆ ಹಾರಿದ ಮೇಲೆ ಇಡೀ ಇಂಜಿನ್ ಬಿಚ್ಚಬೇಕಾದೀತು.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿನೊಳಗೆ ಕೆಂಪು ತುಕ್ಕು. ಹಿತ್ತಾಳೆ ಪಾತ್ರೆಗೆ ಹಾಕುವ ಬಿಂಬುಳಿ ರಸ ಹಾಕಿ ತೊಳೆಯಬಹುದೇ? – ಕಾಪುವಿನ ಓದುಗರು

ಉತ್ತರ: ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ತುಕ್ಕು ಬಿಡುವುದು ನಿಜ. ಹ್ಯಾಂಡಲ್, ರಿಮ್ಮಿನ ಕಲೆಗೆ ಧಾರಾಳವಾಗಿ ಉಜ್ಜಿ. ಆದರೆ ಟ್ಯಾಂಕಿನೊಳಗೆ ಬೇಡ. ಅದರ ನಾರು, ತಿರುಳು ಮೂಲೆಯಲ್ಲಿ ಉಳಿದು ಆಮೇಲೆ ಪೆಟ್ರೋಲ್ ಕಾಕಿನ ಜಾಲರಿ ಕಟ್ಟುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಹರಳು ಸಾಕು. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ. ಕಾಕ್ ಬಿಚ್ಚಿ, ಆ ಬಾಯಿಗೆ ರಬ್ಬರ್ ಬೆಣೆ ಹಾಕಿ, ಟ್ಯಾಂಕ್ ತುಂಬ ಈ ನೀರು ತುಂಬಿ 10 ಗಂಟೆ ಇಡಿ. ನಡುನಡುವೆ ಅಲುಗಾಡಿಸಲು ಸಣ್ಣ ನಟ್ಟುಗಳನ್ನು ಹಾಕುವುದಿದ್ದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಬರುತ್ತದೆ.

ಚೆಲ್ಲಿದ ಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡಿಗೆ ಸೋಡ ಹಾಕಿ ಕಲಕಿ ತೊಳೆಯಿರಿ, ಆಮೇಲೆ ಎರಡು ಸಲ ಬರೀ ನೀರು. ಮುಖ್ಯವಾದದ್ದು ಇದರ ನಂತರದ ಅರ್ಧ ಗಂಟೆ. ತೊಳೆದ ತಗಡು ನಮ್ಮ ಹವೆಯಲ್ಲಿ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೇರ್ ಡ್ರೈಯರ್ ಹಿಡಿದು ಪೂರ್ತಿ ಒಣಗಿಸಿ, ಪೂರ್ತಿ ತಣಿದ ಮೇಲೆ ಕಾಲು ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಎಲ್ಲ ಬದಿಗೂ ತಾಗುವಂತೆ ಹೊರಳಿಸಿ. ಇದನ್ನು ಬಯಲಲ್ಲೇ ಮಾಡಿ, ಒಲೆ ದೀಪ ಹತ್ತಿರ ಬೇಡ. ಟ್ಯಾಂಕಿಗೆ ಸೂಜಿಮೊನೆಯ ತೂತಾಗಿದ್ದರೆ ವೆಲ್ಡಿಂಗಿಗೆ ಒಯ್ಯಬೇಡಿ, ಹಳೆಯ ಆವಿ ಸಾಕು ಸ್ಫೋಟಕ್ಕೆ. ಬೇರೆ ಟ್ಯಾಂಕ್ ಹುಡುಕಿ.

ಪ್ರಶ್ನೆ: ಎಕ್ಸೆಲ್ ಸೂಪರ್ ಸ್ಟಾರ್ಟ್ ಆಯಿತು. ಆದರೆ ಎಕ್ಸಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇಳಿಯುತ್ತದೆ. ಮಗಳು ಆಗಲೇ ಕೂತು ನೋಡುವ ಆತುರದಲ್ಲಿದ್ದಾಳೆ. – ಮೂಡುಬಿದಿರೆಯ ಓದುಗರು

ಉತ್ತರ: ದಯವಿಟ್ಟು ಈ ಸ್ಥಿತಿಯಲ್ಲಿ ಅವಳನ್ನು ಕೂರಿಸಬೇಡಿ. ಈ ಒಂದು ದೋಷಕ್ಕೆ ಹೆದರಬೇಕು. ಏಕೆಂದರೆ ನಿಮ್ಮ ಗಾಡಿಯಲ್ಲಿ ಕೈಯ ಕ್ಲಚ್ ಇಲ್ಲ. ಇಂಜಿನ್ ವೇಗವಾಗಿ ತಿರುಗಿದರೆ ಕ್ಲಚ್ಚಿನ ಶೂಗಳು ತಾವಾಗಿ ಹೊರಕ್ಕೆ ಚಾಚಿ ಸುತ್ತಲಿನ ಡ್ರಮ್ಮನ್ನು ಹಿಡಿದು ಚಕ್ರವನ್ನು ತಿರುಗಿಸುತ್ತವೆ. ಗೇರಿನ ಬೈಕ್ ಕೂಗಿದರೆ ಕ್ಲಚ್ ಒತ್ತಿ ಬಚಾವಾಗಬಹುದು. ಇಲ್ಲಿ ಕೂಗಿತೆಂದರೆ ಓಡಿತು ಎಂದೇ ಲೆಕ್ಕ. ಹೆದರಿದ ಮಗು ಹ್ಯಾಂಡಲನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿತದ ಜೊತೆಗೆ ಎಕ್ಸಲರೇಟರೂ ತಿರುಗುತ್ತದೆ.

ಇಂಜಿನ್ ಆಫ್ ಮಾಡಿ ಮೊದಲು ಕೈಯಿಂದ ನೋಡಿ. ಹ್ಯಾಂಡಲ್ ನೇರವಿಟ್ಟು ಗ್ರಿಪ್ ಪೂರ್ತಿ ತಿರುಗಿಸಿ, ಬೆರಳು ಒಟ್ಟಿಗೇ ಬಿಡಿ. ಕಾರ್ಬ್ಯುರೇಟರಿನೊಳಗಿಂದ 'ಟಕ್' ಎಂದು ಸ್ಲೈಡ್ (ಎಕ್ಸಲರೇಟರ್ ಎಳೆದಾಗ ಮೇಲೇಳುವ ಬಾಗಿಲು) ಕೂತ ಸದ್ದು ಕೇಳಬೇಕು. ಹ್ಯಾಂಡಲನ್ನು ಎಡಕ್ಕೆ ಕಡೆತನಕ, ಬಲಕ್ಕೆ ಕಡೆತನಕ ತಿರುಗಿಸಿ ಅದನ್ನೇ ಮಾಡಿ. ಒಂದು ಬದಿಯಲ್ಲಿ ಸದ್ದು ಮೆತ್ತಗಾದರೂ ಕೇಬಲ್ ಎಲ್ಲೋ ಎಳೆಯುತ್ತಿದೆ. ಹ್ಯಾಂಡಲ್ ತಿರುಗಿದಾಗ ಟ್ಯಾಂಕಿಗೋ ಫ್ರೇಮಿಗೋ ಸಿಕ್ಕುತ್ತಿರುತ್ತದೆ, ಅಥವಾ ಗ್ರಿಪ್ಪಿನ ಕೊಳವೆಯೊಳಗೆ ತುಕ್ಕು ಮತ್ತು ಹಳೆಯ ಗ್ರೀಸ್ ಸೇರಿ ಅಂಟಾಗಿರುತ್ತದೆ. ಕೊಳವೆ ಬಿಚ್ಚಿ, ಹ್ಯಾಂಡಲಿನ ಪೈಪನ್ನು ಎಮರಿಯಲ್ಲಿ ನುಣುಪು ಮಾಡಿ, ಎರಡು ಹನಿ ಆಯಿಲ್ ಮಾತ್ರ ಹಾಕಿ. ಗ್ರಿಪ್ಪಿನ ರಬ್ಬರಿಗೂ ಪಕ್ಕದ ಸ್ವಿಚ್ಚಿಗೂ ನಡುವೆ 1ರಿಂದ 2 ಮಿ.ಮೀ. ಸಂದು ಇರಬೇಕು.

ಇಲ್ಲೆಲ್ಲ ಸರಿಯಿದ್ದರೆ ಗಾಳಿ ಸೋರಿಕೆ. ಕಾರ್ಬ್ಯುರೇಟರ್ ದಾಟಿದ ಮೇಲೆ ಎಲ್ಲೋ ಹೊರಗಾಳಿ ಸೇರುತ್ತಿದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಇಂಜಿನ್ ಕೂಗುತ್ತದೆ, ಬಿಸಿಯೇರುತ್ತದೆ, ಹೀಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇಂಜಿನ್ ಓಡುತ್ತಿರುವಾಗ ಸೋಪಿನ ನೀರನ್ನು ಕಾರ್ಬ್ಯುರೇಟರ್ ಜೋಡಣೆ, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಇವುಗಳ ಮೇಲೆ ಒಂದೊಂದಾಗಿ ಸಿಂಪಡಿಸಿ. ಎಲ್ಲಿ ಬಿಟ್ಟಾಗ ಸದ್ದು ಬದಲಾಗುತ್ತದೋ ಅಲ್ಲೇ ಸೋರಿಕೆ. ಎಲ್ಲೂ ಬದಲಾಗದಿದ್ದರೆ ಮ್ಯಾಗ್ನೆಟೋ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದರ ತುಟಿ ಒಣಗಿ ಬಿರಿದಿರುತ್ತದೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ ಬಾಗುತ್ತದೆ. ನಿಂತ ಗಾಡಿಗೆ ಎರಡೂ ಬದಿಯ ಸೀಲನ್ನು ಕೇಳದೆಯೇ ಬದಲಿಸಿಬಿಡಿ ಎಂಬುದು ನಮ್ಮ ಅಭಿಪ್ರಾಯ.

ಕೊನೆಗೆ ಐಡ್ಲಿಂಗ್. ಕಾರ್ಬ್ಯುರೇಟರಿನ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಇಂಜಿನ್ ಬಿಸಿಯಾದ ಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಸ್ಲೈಡ್ ಸ್ಕ್ರೂ ಇಳಿಸುತ್ತ ಬನ್ನಿ. ಹಿಂದಿನ ಚಕ್ರ ಸುಮ್ಮನೆ ನಿಂತಿರಬೇಕು, ಅಥವಾ ತಿರುಗುತ್ತಿದ್ದರೂ ಟಯರಿಗೆ ಚಪ್ಪಲಿ ತಾಗಿಸಿದರೆ ನಿಲ್ಲಬೇಕು. ನಿಲ್ಲದೆ ತಳ್ಳಿದರೆ ಐಡ್ಲಿಂಗ್ ಇನ್ನೂ ಇಳಿಯಬೇಕು, ಅಥವಾ ಕ್ಲಚ್ ಸ್ಪ್ರಿಂಗ್ ಸೋತಿದೆ. ಐಡ್ಲಿಂಗಿನಲ್ಲಿ ಆಗಾಗ ಆಫ್ ಆಗುವ ಗಾಡಿ ಮಗುವಿಗೆ ತೊಂದರೆಯಲ್ಲ, ತಾನಾಗಿ ಮುಂದೆ ಹೋಗುವ ಗಾಡಿ ತೊಂದರೆ.

ಪ್ರಶ್ನೆ: ವೇಗ ಕಡಿಮೆ ಮಾಡಲು ಸೈಲೆನ್ಸರಿಗೆ ವಾಷರ್ ಹಾಕಲು ಒಬ್ಬರು ಹೇಳಿದರು. ಸರಿಯೇ? – ಸುರತ್ಕಲ್ಲಿನ ಓದುಗರು

ಉತ್ತರ: ಬೇಡ. ಹೊಗೆ ಹೋಗುವ ದಾರಿ ಮುಚ್ಚಿದರೆ ಸಿಲಿಂಡರ್ ಬಿಸಿಯೇರುತ್ತದೆ, ಕಾರ್ಬನ್ ಬೇಗ ಕಟ್ಟುತ್ತದೆ. ಸ್ಲೈಡ್ ಮೇಲೇಳುವುದನ್ನು ತಡೆಯುವುದು ಒಳ್ಳೆಯ ದಾರಿ. ಪೆಟ್ರೋಲ್, ಗಾಳಿ ಎರಡೂ ಒಟ್ಟಿಗೆ ಕಡಿಮೆಯಾಗುವುದರಿಂದ ಇಂಜಿನ್ನಿಗೆ ಹಾನಿಯಿಲ್ಲ.

ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದರೆ ಕೇಬಲ್, ಸ್ಪ್ರಿಂಗ್, ಸ್ಲೈಡ್ ಒಟ್ಟಿಗೆ ಬರುತ್ತವೆ. ಸ್ಪ್ರಿಂಗಿನ ಒಳಗೆ, ಕೇಬಲ್ಲಿನ ಸುತ್ತ ಒಂದು ಕೊಳವೆ ತುಂಡು ಕೂರಿಸಬೇಕು. ಸ್ಲೈಡ್ ಪೂರ್ತಿ ಕೆಳಗಿರುವಾಗ ಮುಚ್ಚಳದ ಒಳಮುಖದಿಂದ ಸ್ಲೈಡಿನ ಒಳತಳದ ತನಕ ಎಷ್ಟೆಂದು ಅಳೆಯಿರಿ. ಅದರಿಂದ ಸ್ಲೈಡಿಗೆ ಏಳಲು ಬಿಡುವಷ್ಟನ್ನು ಕಳೆದರೆ ಕೊಳವೆಯ ಉದ್ದ ಸಿಕ್ಕಿತು. ಅಳತೆ 40 ಮಿ.ಮೀ. ಇದ್ದು ಮಗುವಿಗೆ 4 ಮಿ.ಮೀ. ಸಾಕೆಂದರೆ 36 ಮಿ.ಮೀ. ಕೊಳವೆ. ಕೊಳವೆ ಸ್ಪ್ರಿಂಗಿಗೂ ತಾಗಬಾರದು, ಕೇಬಲ್ಲನ್ನೂ ಹಿಡಿಯಬಾರದು. ಬಾಲ್‌ಪೆನ್ನಿನ ಕೊಳವೆ, ಪಿವಿಸಿ ಪೈಪು ಹಾಕಲೇಬೇಡಿ, ಪೆಟ್ರೋಲಿಗೆ ಮೆತ್ತಗಾಗಿ ಸ್ಲೈಡನ್ನು ಮೇಲೆಯೇ ಅಂಟಿಸಿಬಿಡುತ್ತವೆ. ನೈಲಾನ್ ಏರ್ ಪೈಪ್ ಅಥವಾ ಫ್ರಿಜ್ ರಿಪೇರಿಯವರ ಕಾಲಿಂಚು ತಾಮ್ರದ ಪೈಪ್ ಆಗುತ್ತದೆ. ತಾಮ್ರವಾದರೆ ಎರಡೂ ಬಾಯಿಯ ಚೂಪನ್ನು ಅರದಲ್ಲಿ ತೆಗೆಯಿರಿ, ಇಲ್ಲದಿದ್ದರೆ ಕೇಬಲ್ ಎಳೆಗಳನ್ನು ಒಂದೊಂದಾಗಿ ಕಡಿಯುತ್ತದೆ. ಕೂರಿಸಿದ ಮೇಲೆ ಮೇಲಿನ ಉತ್ತರದ 'ಟಕ್' ಪರೀಕ್ಷೆ ಮತ್ತೆ ಮಾಡಿ.

ವೇಗ ಅಳೆಯಲು ಮೀಟರ್ ಬೇಡ. ಗದ್ದೆಯಲ್ಲಿ 50 ಮೀಟರ್ ಅಳೆದು ಎರಡು ಕೋಲು ನೆಡಿ. ಓಟದಲ್ಲೇ ಬಂದು ಆ ದೂರವನ್ನು 12 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 15 ಕಿ.ಮೀ. ಮೊದಲ ತಿಂಗಳಿಗೆ ಅಷ್ಟು ಸಾಕು. ಅಳೆಯುವಾಗ ಮಗುವಿನಷ್ಟೇ ತೂಕದವರು ಯಾರೂ ಸಿಗುವುದಿಲ್ಲವಾದ್ದರಿಂದ ದೊಡ್ಡವರು ಓಡಿಸಿದಾಗ ಬಂದ ವೇಗಕ್ಕಿಂತ ಮಗುವಿಗೆ ಸ್ವಲ್ಪ ಹೆಚ್ಚೇ ಬರುತ್ತದೆ ಎಂದು ಹಿಡಿಯಿರಿ. ಆ ವೇಗದಲ್ಲಿ ಒಣ ನೆಲದ ಮೇಲೆ ಬ್ರೇಕ್ ಹಿಡಿದ ಜಾಗದಿಂದ 4 ಮೀಟರ್ ಒಳಗೆ ನಿಲ್ಲಬೇಕು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 15ರಿಂದ 30ಕ್ಕೆ ಬಿಡುವ ಮೊದಲು ನಿಮ್ಮ ಗದ್ದೆಯ ಬದು ಎಷ್ಟು ಹತ್ತಿರವಿದೆ ನೋಡಿ.

ಇದರ ಜೊತೆಗೆ ಮಣಿಕಟ್ಟಿಗೆ ಕಟ್ಟುವ ಹಗ್ಗದ ಸ್ವಿಚ್ ಬೇಕೇ ಬೇಕು. ನಾಡದೋಣಿಯ ಔಟ್‌ಬೋರ್ಡ್ ಇಂಜಿನ್ನಿಗೆ ಇರುವ ಸುರುಳಿ ಸುತ್ತಿದ ಕೆಂಪು ಹಗ್ಗ ನೋಡಿರುತ್ತೀರಿ. ಮನುಷ್ಯ ನೀರಿಗೆ ಬಿದ್ದರೆ ಕ್ಲಿಪ್ ಕಳಚಿ ಇಂಜಿನ್ ನಿಲ್ಲುತ್ತದೆ. ಮಲ್ಪೆ, ಮಂಗಳೂರು ಬಂದರಿನ ಕಡೆ ಔಟ್‌ಬೋರ್ಡ್ ಸಾಮಾನು ಮಾರುವಲ್ಲಿ ಇದನ್ನು ಕೇಳಿ. ಕೊಳ್ಳುವಾಗ ಮಲ್ಟಿಮೀಟರ್ ಹಿಡಿಯಿರಿ. ಕ್ಲಿಪ್ ತೆಗೆದಾಗ ಎರಡು ವೈರಿನ ನಡುವೆ ಸಂಪರ್ಕ ಬರಬೇಕು, ಹಾಕಿದಾಗ ತಪ್ಪಬೇಕು. ಒಂದು ವೈರನ್ನು ಮ್ಯಾಗ್ನೆಟೋ ಕಡೆಯಿಂದ ಆಫ್ ಸ್ವಿಚ್ಚಿಗೆ ಬರುವ ವೈರಿಗೆ, ಇನ್ನೊಂದನ್ನು ಪೇಂಟ್ ಕೆರೆದು ಹೊಳೆಯುವ ಫ್ರೇಮಿನ ಬೋಲ್ಟಿಗೆ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ. ಈ ಏರ್ಪಾಡಿಗೆ ಒಂದು ದೌರ್ಬಲ್ಯವಿದೆ. ವೈರ್ ತುಂಡಾದರೆ, ಬೋಲ್ಟಿಗೆ ತುಕ್ಕು ಹಿಡಿದರೆ, ಇಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ; ಸ್ವಿಚ್ ಸತ್ತದ್ದು ಬಿದ್ದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡಿ, ಸ್ಟ್ಯಾಂಡಿನ ಮೇಲೆಯೇ ಹಗ್ಗ ಎಳೆದು, ನಿಂತಿತೇ ನೋಡಿ, ಆಮೇಲೆ ಮಗುವಿನ ಕೈಗೆ ಕಟ್ಟಿ.

ಪ್ರಶ್ನೆ: ಆಯಿಲ್ ಎಷ್ಟು ಬೆರೆಸಬೇಕು? ಈಗಿನ ಎಥನಾಲ್ ಪೆಟ್ರೋಲ್ ಹಳೆಯ ಗಾಡಿಗೆ ಆಗುತ್ತದೆಯೇ? – ಕಾರ್ಕಳದ ಓದುಗರು

ಉತ್ತರ: ಎಕ್ಸೆಲ್ ಸೂಪರ್ 69.9 ಸಿಸಿ ಟೂ-ಸ್ಟ್ರೋಕ್. ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಹೊಸ ಪಿಸ್ಟನ್, ರಿಂಗು ಹಾಕಿದ್ದರೆ ಮೊದಲ ಎರಡು ಲೀಟರಿಗೆ 40 ಮಿ.ಲೀ.ನಂತೆ. ಮುಚ್ಚಳದ ಅಂದಾಜು ಬೇಡ, ಔಷಧಿ ಅಂಗಡಿಯ 20 ಮಿ.ಲೀ. ಸಿರಿಂಜ್ ತನ್ನಿ. ಬೇರೆ ಡಬ್ಬಿಯಲ್ಲಿ ಕಲಕಿ ಹಾಕಬೇಕೇ ಹೊರತು ಟ್ಯಾಂಕಿಗೆ ನೇರ ಸುರಿದರೆ ಆಯಿಲ್ ತಳಕ್ಕಿಳಿದು ಕಾಕ್ ಸೇರುತ್ತದೆ. ಹೆಚ್ಚು ಆಯಿಲ್ ಹಾಕಿದರೆ ಇಂಜಿನ್ನಿಗೆ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಆಯಿಲ್ ಹೆಚ್ಚಾದಷ್ಟು ಜೆಟ್ (ಪೆಟ್ರೋಲ್ ಹಾಯುವ ಕಾರ್ಬ್ಯುರೇಟರಿನ ಸಣ್ಣ ತೂತಿನ ತುಂಡು) ಮೂಲಕ ಹೋಗುವ ಪೆಟ್ರೋಲ್ ಕಡಿಮೆ, ಪ್ಲಗ್ ಒದ್ದೆ, ಸೈಲೆನ್ಸರ್ ಕಟ್ಟುವುದು ಬೇಗ. ಎಕ್ಸೆಲ್ 100 ಮಾತ್ರ ಫೋರ್-ಸ್ಟ್ರೋಕ್, ಅದರ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು.

ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್. ಹಳೆಯ ಪೆಟ್ರೋಲ್ ಪೈಪು ಅದಕ್ಕೆ ಊದಿಕೊಂಡು ಒಳಪದರ ಚೂರುಚೂರಾಗಿ ಬರುತ್ತದೆ. ಪೈಪು, ಕಾಕಿನ ವಾಷರ್, ಫ್ಲೋಟ್ ನೀಡಲ್ ಹೊಸದಾಗಿ ಹಾಕಿ. ಎಥನಾಲ್ ಹವೆಯ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳು ನಿಂತ ಗಾಡಿಯ ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನ ತಳದ ಬಟ್ಟಲು) ಬಿಚ್ಚಿದರೆ ತಳದಲ್ಲಿ ಬಿಳಿ ಹಿಟ್ಟಿನಂಥದ್ದು, ಮೂಲೆಯಲ್ಲಿ ಹಸಿರು ಲೋಳೆ ಕಾಣುತ್ತದೆ. ಪೈಲಟ್ ಜೆಟ್ಟಿನ ತೂತು ದಪ್ಪ ಕೂದಲಿನಷ್ಟು ಮಾತ್ರ. ಅಷ್ಟು ಹಿಟ್ಟು ಸಾಕು ಅದಕ್ಕೆ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡಗಿನ ಚುಕ್ಕಿ ಕಾಣಬೇಕು. ಕಟ್ಟಿದ್ದರೆ ಕಾರ್ಬ್ ಕ್ಲೀನರ್ ಹಾಕಿ, ಗಾಳಿ ಊದಿ, ಬೇಕಾದರೆ ವೈರಿನೊಳಗಿನ ಒಂದು ತಾಮ್ರದ ಎಳೆ ತೂರಿಸಿ. ಉಕ್ಕಿನ ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಮತ್ತೆ ಟ್ಯೂನಿಂಗ್ ಕೂರುವುದಿಲ್ಲ. ಎಥನಾಲಿನಿಂದ ಮಿಶ್ರಣ ಸ್ವಲ್ಪ ತೆಳ್ಳಗಾಗುವುದರಿಂದ, ಜೆಟ್ ನೀಡಲ್‌ಗೆ ಕ್ಲಿಪ್ ಗೀರುಗಳಿದ್ದರೆ ಕ್ಲಿಪ್ಪನ್ನು ಒಂದು ಗೀರು ಕೆಳಗಿಡಿ. ಪ್ಲಗ್ಗಿನ ತುದಿ ಚಹಾ ಬಣ್ಣಕ್ಕೆ ಬಂದರೆ ಸರಿ, ಬೆಳ್ಳಗಾದರೆ ಇನ್ನೂ ತೆಳ್ಳಗಿದೆ.

ಪ್ರಶ್ನೆ: ಮಗಳಿಗೆ ಹದಿನಾಲ್ಕು. ನಮ್ಮ ಲೇಔಟಿನ ಒಳರಸ್ತೆಯಲ್ಲಿ, ಅಂಗಡಿಯ ತನಕ ಹೋಗಬಹುದೇ? – ಮಣಿಪಾಲದ ಓದುಗರು

ಉತ್ತರ: ಹೋಗಬಾರದು. ಮೋಟಾರು ವಾಹನ ಕಾಯ್ದೆ 1988ರ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡಿಸಲು 18 ತುಂಬಿರಬೇಕು, 50 ಸಿಸಿ ಮೀರದ ಮೋಟಾರ್‌ಸೈಕಲ್ಲಿಗೆ ಮಾತ್ರ 16, ಅದೂ ಲೈಸೆನ್ಸ್ ಪಡೆದು. ಸಾರ್ವಜನಿಕರಿಗೆ ಹೋಗಿ ಬರುವ ಹಕ್ಕಿರುವ ಯಾವ ಜಾಗವೂ ಸಾರ್ವಜನಿಕ ಸ್ಥಳವೇ. ಲೇಔಟಿನ ರಸ್ತೆ, ಕಡಲ ತೀರ, ದೇವಸ್ಥಾನದ ಎದುರಿನ ಬಯಲು ಎಲ್ಲವೂ ಅದರಲ್ಲಿ ಬರುತ್ತವೆ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ತಪ್ಪೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಲರ್ನರ್ ಲೈಸೆನ್ಸ್ ಕೂಡ ಇಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ನೋಂದಣಿ ಬಗ್ಗೆ ಹೇಳುವ 39ನೇ ಸೆಕ್ಷನ್ 'ಸಾರ್ವಜನಿಕ ಸ್ಥಳದಲ್ಲಿ ಅಥವಾ ಬೇರೆ ಯಾವುದೇ ಸ್ಥಳದಲ್ಲಿ' ಎನ್ನುತ್ತದೆ. ಅಂದರೆ ನಿಮ್ಮ ಸ್ವಂತ ತೋಟದೊಳಗೆ ಓಡಿಸುವ ಗಾಡಿಗೂ ಆರ್‌ಸಿ (ನೋಂದಣಿ ಪತ್ರ) ಬೇಕು. ಕೆಎ-19, ಕೆಎ-20 ನಂಬರಿನ ಹಳೆಯ ಗಾಡಿಗಳದ್ದು 15 ವರ್ಷಕ್ಕೆ ಮುಗಿದಿರುತ್ತದೆ, ನವೀಕರಿಸಿ. ಗುಜರಿಯಿಂದ ಪೇಪರ್ ಇಲ್ಲದ ಗಾಡಿ ತರಬೇಡಿ. ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ಕಣ್ಣಾರೆ ಹೋಲಿಸಿ ಕೊಳ್ಳಿ.

ಜಾಗವೆಂದರೆ ಕೊಯ್ಲಾಗಿ ಒಣಗಿದ ಸ್ವಂತ ಗದ್ದೆಯೇ ಉತ್ತಮ, ಬಿದ್ದರೂ ಮಣ್ಣು. ಆದರೆ ನೆರೆಯವರು ನಡೆದು ಹೋಗುವ ಕಾಲುದಾರಿ ಇರುವ ಗದ್ದೆ ಬೇಡ. ಪಾಗಾರದೊಳಗಿನ ಮುರಕಲ್ಲಿನ ಅಂಗಳ ಎರಡನೆಯದು. ಅಡಿಕೆ ತೋಟ ಬೇಡವೇ ಬೇಡ. ಮರಗಳ ಸಾಲು, ಕಣಿ, ಸ್ಪ್ರಿಂಕ್ಲರ್ ಪೈಪು, ಕಟ್ಟೆಯಿಲ್ಲದ ಹಳೆಯ ಬಾವಿ, ದರೆ, ಇವೆಲ್ಲ ಇರುವ ಜಾಗದಲ್ಲಿ 15 ಕಿ.ಮೀ. ವೇಗವೂ ಹೆಚ್ಚೇ.

ಪ್ರಶ್ನೆ: ಲೂನಾದ ಸಾಮಾನು ಎಲ್ಲೂ ಸಿಗುತ್ತಿಲ್ಲ. – ಕಿನ್ನಿಗೋಳಿಯ ಓದುಗರು

ಉತ್ತರ: ಗಾಡಿಯ ಹೆಸರು ಹೇಳಿ ಕೇಳಿದರೆ ಸಿಗುವುದಿಲ್ಲ, ಅಳತೆ ಹೇಳಿ ಕೇಳಿ. ಬೇರಿಂಗಿನ ಬದಿಯಲ್ಲಿ 6202, 6203 ಎಂಬಂಥ ನಂಬರ್ ಕೊರೆದಿರುತ್ತದೆ, ಆ ನಂಬರ್ ಯಾವ ಬೇರಿಂಗ್ ಅಂಗಡಿಯಲ್ಲೂ ಇದೆ. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ, 17–30–7 ಎಂಬ ಹಾಗೆ ಮೂರು ಅಳತೆ ಸಾಕು. ಗ್ಯಾಸ್ಕೆಟ್ಟನ್ನು ಅರ್ಧ ಮಿ.ಮೀ. ಗ್ಯಾಸ್ಕೆಟ್ ಕಾಗದದಲ್ಲಿ ನೀವೇ ಕತ್ತರಿಸಬಹುದು. ಬ್ರೇಕ್ ಶೂವಿಗೆ ಹೊಸ ಲೈನರ್ ಅಂಟಿಸಿ ಕೊಡುವವರಿದ್ದಾರೆ. ಪಿಸ್ಟನ್ ಒಂದು ಸಿಗದಿದ್ದರೆ ಮಾತ್ರ ಆ ಗಾಡಿಯ ಆಸೆ ಬಿಡಬೇಕು. ಬೇರೆ ಗಾಡಿಯ ಪಿಸ್ಟನ್ನನ್ನು ಲೇತಿನಲ್ಲಿ ಕೆತ್ತಿ ಹಾಕಿದರೆ ಪೋರ್ಟ್ ಹೊಂದದೆ ಹೆಚ್ಚು ದಿನ ಬಾಳುವುದಿಲ್ಲ.

ಪ್ರಶ್ನೆ: ಇಂಜಿನ್ ಮೊದಲಿಗೆ ಸಲೀಸಾಗಿ ಓಡುತ್ತದೆ, ಆದರೆ ಏರಿನಲ್ಲಿ ಉಸಿರುಗಟ್ಟಿದ ಹಾಗೆ ಆಗಿ ನಿಲ್ಲುತ್ತದೆ. – ಕುಂದಾಪುರದ ಓದುಗರು

ಉತ್ತರ: ಸೈಲೆನ್ಸರ್ ಕಟ್ಟಿದೆ. ಸೈಲೆನ್ಸರ್ ಸಡಿಲಿಸಿ ಅರ್ಧ ನಿಮಿಷ ಓಡಿಸಿ ನೋಡಿ, ಜೋರು ಬಂದರೆ ಅನುಮಾನವಿಲ್ಲ. ಎಕ್ಸಾಸ್ಟ್ ಪೋರ್ಟಿನ ಕಾರ್ಬನ್ ಕೆರೆಯಲು ಪಿಸ್ಟನ್ನನ್ನು ಪೂರ್ತಿ ಕೆಳಗೆ ತಂದು, ಮರದ ಕಡ್ಡಿ ಅಥವಾ ಹಿತ್ತಾಳೆ ಪಟ್ಟಿ ಬಳಸಿ. ಸ್ಕ್ರೂಡ್ರೈವರ್ ಬೇಡ. ಒಳಗಿನ ಜಾಲರಿ ಕೊಳವೆ ಬಿಚ್ಚಿ ಬರುವಂಥದ್ದಾದರೆ ಕಾಸ್ಟಿಕ್ ಸೋಡದ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಸೋಡವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಕ್ಕಲ್ಲ. ರಬ್ಬರ್ ಗ್ಲೌಸ್, ಕನ್ನಡಕ ಕಡ್ಡಾಯ, ಅಲ್ಯೂಮಿನಿಯಂ ಪಾತ್ರೆಯಾಗಲಿ ಭಾಗವಾಗಲಿ ಅದಕ್ಕೆ ತಾಗಬಾರದು. ಕೆಲಸ ಕಲಿಯಲಿ ಎಂದು ಮಕ್ಕಳನ್ನು ಎಲ್ಲದಕ್ಕೂ ಜೊತೆಗೆ ಕರೆದುಕೊಳ್ಳಿ, ಇದೊಂದಕ್ಕೆ ಬಿಟ್ಟು.

ಪ್ರಶ್ನೆ: ಮಗನ ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಹಾಕಲೇ? ಬ್ರೇಕ್ ಲಿವರೂ ಕೈಗೆ ದೂರ. – ಉಳ್ಳಾಲದ ಓದುಗರು

ಉತ್ತರ: ಎರಡೂ ಪಾದದ ಮುಂಭಾಗ ಒಟ್ಟಿಗೆ ನೆಲಕ್ಕೆ ಊರದಿದ್ದರೆ ಆ ಗಾಡಿ ಅವನಿಗೆ ಇನ್ನೂ ದೊಡ್ಡದು. ಸೀಟಿನ ರೆಕ್ಸಿನ್ ಬಿಚ್ಚಿ ಸ್ಪಂಜನ್ನು 3ರಿಂದ 4 ಸೆಂ.ಮೀ. ಕತ್ತರಿಸಿ, ಬದಿಗಳನ್ನು ಸಪೂರ ಮಾಡಿ ನೋಡಿ. ಬದಿ ಸಪೂರವಾದರೆ ಕಾಲು ನೇರ ಇಳಿಯುವುದರಿಂದ ಎಣಿಸಿದ್ದಕ್ಕಿಂತ ಹೆಚ್ಚು ಎಟುಕುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಒಂದು ವರ್ಷ ಕಾಯುವುದು. ಗಿಡ್ಡ ಶಾಕ್ ಹಾಕಿದರೆ ಸ್ಟ್ಯಾಂಡ್ ನೆಲಕ್ಕೆ ತಾಗಿ ತಿರುವಿನಲ್ಲಿ ಗಾಡಿಯನ್ನು ಎತ್ತಿ ಎಸೆಯುತ್ತದೆ. ಫ್ರೇಮ್ ಕತ್ತರಿಸಿ ವೆಲ್ಡ್ ಮಾಡುವ ಯೋಚನೆ ಬೇಡ.

ಲಿವರನ್ನು ಬಗ್ಗಿಸಬೇಡಿ, ಹಳೆಯ ಅಲ್ಯೂಮಿನಿಯಂ ಕಡ್ಡಿಯ ಹಾಗೆ ಮುರಿಯುತ್ತದೆ. ಲಿವರಿನ ಬುಡ ಹೋಲ್ಡರಿಗೆ ತಾಗಿ ನಿಲ್ಲುವ ಜಾಗದಲ್ಲಿ 3 ಮಿ.ಮೀ. ಅಲ್ಯೂಮಿನಿಯಂ ಚೂರನ್ನು ರಿವೆಟ್ ಮಾಡಿದರೆ ಲಿವರ್ ಗ್ರಿಪ್ಪಿನ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಕೇಬಲ್ಲನ್ನು ಹೊಸದಾಗಿ ಸೆಟ್ ಮಾಡಿ, ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಬಿಡಿ. ಇಂಜಿನ್ ಆಫ್ ಇರುವಾಗ ಮಗನನ್ನು ಕೂರಿಸಿ ನೀವು ಹಿಂದಿನಿಂದ ನಡೆಯುತ್ತ ತಳ್ಳಿ, 'ಹಿಡಿ' ಎನ್ನಿ. ಎರಡು ಬೆರಳಲ್ಲ, ನಾಲ್ಕೂ ಬೆರಳು ಲಿವರಿಗೆ ತಲುಪಿ ಹಿಂದಿನ ಚಕ್ರ ಕಚ್ಚಿ ನಿಲ್ಲಬೇಕು. ಈ ಆಟವನ್ನು ಇಪ್ಪತ್ತು ಮೂವತ್ತು ಸಲ ಆಡಿಸಿದ ಮೇಲೆ ಇಂಜಿನ್ ಮಾತು.

ಚೈನಿಗೆ 20ರಿಂದ 25 ಮಿ.ಮೀ. ಸಡಿಲ, ಸುತ್ತಲೂ ತಗಡಿನ ಪೂರ್ತಿ ಮುಚ್ಚಿಗೆ. ಮಕ್ಕಳ ಬೆರಳು ದೊಡ್ಡವರ ಬೆರಳು ಹೋಗದಲ್ಲಿ ಹೋಗುತ್ತದೆ. ಸೈಲೆನ್ಸರಿಗೂ ತಗಡಿನ ಕವಚ ಕಟ್ಟಿ. ಐಎಸ್ 4151 ಗುರುತಿನ, ಮಗುವಿನ ತಲೆಯ ಸುತ್ತಳತೆಗೆ ಹೊಂದುವ ಹೆಲ್ಮೆಟ್, ಮೊಣಕಾಲು ಮೊಣಕೈ ಪ್ಯಾಡ್, ಪಾದದ ಗಂಟು ಮುಚ್ಚುವ ಶೂ. ಅಪ್ಪನ ಹೆಲ್ಮೆಟಿನೊಳಗೆ ಬಟ್ಟೆ ತುರುಕಿ ಹಾಕುವುದು ಹೆಲ್ಮೆಟ್ ಇಲ್ಲದ ಹಾಗೆಯೇ.

ಪ್ರಶ್ನೆ: ಮಳೆಗಾಲದಲ್ಲಿ ಗಾಡಿಯನ್ನು ಹೇಗೆ ಇಡಬೇಕು? ಚೈನಿಗೆ ತೆಂಗಿನೆಣ್ಣೆ ಹಚ್ಚಿದರೆ ಸಾಕೇ? – ಹೆಬ್ರಿಯ ಓದುಗರು

ಉತ್ತರ: ಪತ್ತನಾಜೆ (ಮೇ ಕೊನೆಯ ವಾರದ ತುಳುವರ ಆಚರಣೆಯ ದಿನ) ಕಳೆದು ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ. ಹಾವಸೆ ಹಿಡಿದ ಅಂಗಳದಲ್ಲಿ ದೊಡ್ಡವರೇ ಜಾರುತ್ತಾರೆ, ಜೂನಿನಿಂದ ಸೆಪ್ಟೆಂಬರ್ ತನಕ ಮಗುವಿನ ಸವಾರಿ ಬೇಡ. ಹಿಂದಿನ ಕಾಲದಲ್ಲಿ ಟ್ಯಾಂಕ್ ತುಂಬಿ ಇಡಿ ಎನ್ನುತ್ತಿದ್ದರು. ಎಥನಾಲ್ ಪೆಟ್ರೋಲಿಗೆ ಅದು ಹೊಂದದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬ್ಯುರೇಟರ್ ತಳದ ಸ್ಕ್ರೂ ಬಿಚ್ಚಿ ಅದನ್ನೂ ಖಾಲಿ ಮಾಡಿ, ಟ್ಯಾಂಕಿನೊಳಗೆ ಸ್ವಲ್ಪ ಆಯಿಲ್ ಹೊರಳಿಸಿ. ಪ್ಲಗ್ ತೂತಿನಿಂದ 5 ಮಿ.ಲೀ. ಆಯಿಲ್ ಬಿಟ್ಟು ಇಂಜಿನ್ ನಾಲ್ಕು ಸುತ್ತು ತಿರುಗಿಸಿ ಪ್ಲಗ್ ಹಾಕಿ. ಸೈಲೆನ್ಸರ್ ಬಾಯಿಗೆ ಆಯಿಲ್ ಬಟ್ಟೆ ತುರುಕಿ, ಆ ಬಟ್ಟೆಯ ತುದಿಯನ್ನು ಹ್ಯಾಂಡಲಿಗೆ ಕಾಣುವಂತೆ ಕಟ್ಟಿ, ಅಕ್ಟೋಬರಿನಲ್ಲಿ ನೆನಪಿಗೆ ಬೇಕಾಗುತ್ತದೆ.

ತೆಂಗಿನೆಣ್ಣೆ ಬೇಡ. ಹೆಚ್ಚು ದಿನ ನಿಲ್ಲುವುದಿಲ್ಲ, ಇರುವೆ ಇಲಿ ಕರೆಯುತ್ತದೆ, ಬಂದ ಇಲಿ ವೈರ್ ಕಡಿಯುತ್ತದೆ. 90 ನಂಬರ್ ಗೇರ್ ಆಯಿಲ್ ಹಚ್ಚಿ. ಇಡೀ ಗಾಡಿಗೆ ಡೀಸೆಲ್ ಹೊಡೆಯುವ ಅಭ್ಯಾಸ ಕೆಲವು ಕಡೆ ಇದೆ, ಅದು ಡ್ರಮ್ಮಿನೊಳಗೆ ಇಳಿದರೆ ಹೊಸ ಲೈನರ್ ಹಾಳು, ರಬ್ಬರೂ ಹಾಳು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ಹಲಗೆಯ ಮೇಲೆ ನಿಲ್ಲಿಸಿ, ಹಳೆಯ ಹತ್ತಿ ಸೀರೆ ಹೊದಿಸಿ. ಟಾರ್ಪಾಲಿನ್ ಬಿಗಿದರೆ ಒಳಗೆ ಬೆವರಿ, ಬಯಲಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ತುಕ್ಕು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಚಕ್ರ ತಿರುಗಿಸಿ, ಎರಡೂ ಬ್ರೇಕ್ ಹಿಡಿದು ಬಿಡಿ, ಎಕ್ಸಲರೇಟರ್ ತಿರುಗಿಸಿ 'ಟಕ್' ಎನ್ನುತ್ತದೆಯೇ ಕೇಳಿ. ಈ ಕೆಲಸವನ್ನು ಮಗುವಿಗೇ ವಹಿಸಿ. ಕೀಲಿಕೈ ಮಾತ್ರ ನಿಮ್ಮ ಹತ್ತಿರ ಇರಲಿ.